ಸೋಗೆ ತಡಿಕೆಯ ಹಿಂದೆ ಬೆಳೆದ ದಿಣ್ಣೆ

ಎದ್ದು ಕೊಟ್ಟಿಗೆ ಗುಡಿಸಿದೆ. ಹಸು ಕರೆದೆ. ರಾತ್ರಿಯ ಸಾರಿಗೆಂದು ಹುರುಳಿಕಾಳು ನೆನೆಹಾಕಿದೆ. ಅಟ್ಟ ಹತ್ತಿ ಏಳೆಂಟು ಕಾಯಿ ಅಲ್ಲಾಡಿಸಿ ನೋಡಿದೆ. ಒಳಗಿನ ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರಲಿಲ್ಲ, ಸದ್ದೇ ಇಲ್ಲ. ಅತ್ತೆಯ ಮೊಣಕಾಲಿಗೆ ಎಣ್ಣೆ ಕಾಯಿಸಿ ಕೊಟ್ಟೆ. ಎರಡು ಸೀರೆ ಒಗೆದು ಒಣಹಾಕಿದೆ. ಮಡಿಸುವಾಗ ಮಡಿಕೆಯಲ್ಲಿ ಮರಳು ಸಿಕ್ಕಿತು, ಮತ್ತೆ ಕೊಡವಿದೆ. ಬಾವಿಕಟ್ಟೆಯನ್ನು ಮೂರು ಸಲ ಗುಡಿಸಿದೆ.

ಮೂರನೆಯ ಸಲ ಗುಡಿಸುವಾಗ ಕೈ ನಿಂತಿತು. ಹಿಂದಿನ ದಿನ ಒಂದೇ ಸಲಕ್ಕೆ ಮುಗಿದಿದ್ದ ಕೆಲಸ ಅದು. ಗಾಳಿ ಜೋರಾಗಿದೆ, ತೋಟದಂಚಿನ ಮರಳ ದಿಣ್ಣೆ ನಡೆಯುತ್ತಿದೆ ಎಂದು ಅರ್ಥ. ಆ ದಿಣ್ಣೆಯ ಬುಡದಲ್ಲೇ ನಮ್ಮ ಯಜಮಾನರು ನಾಲ್ಕು ದಿನದಿಂದ ಗುದ್ದಲಿ ಹಿಡಿದು ಅಗೆಯುತ್ತಿದ್ದರು. ಇದು ಹೋದ ವರ್ಷದ ಆಷಾಢದ ಮಾತು.

ನಮ್ಮ ತೋಟದ ಪಡುವಣಕ್ಕೆ ಒಂದು ಹಳ್ಳವಿದೆ. ವರ್ಷದಲ್ಲಿ ಹತ್ತು ದಿನ ನೀರು, ಉಳಿದಂತೆ ಬರೀ ಮರಳು. ಹಳ್ಳದ ದಡದುದ್ದಕ್ಕೂ ಹಿಂದಿನವರು ನೆಟ್ಟ ಕತ್ತಾಳೆ ಬೇಲಿ ಇತ್ತು. ಅದರ ಬುಡದಲ್ಲಿ ಗರಿಕೆ, ಲಾವಂಚ, ಹೆಸರು ಗೊತ್ತಿಲ್ಲದ ಬಳ್ಳಿಗಳು. ಕೆಲವು ವರ್ಷದ ಹಿಂದೆ, ಇನ್ನೆರಡು ಸಾಲು ತೆಂಗು ಕೂರುತ್ತದೆ ಎಂದು ಯಜಮಾನರು ಜೆಸಿಬಿ ತರಿಸಿ ಎಲ್ಲವನ್ನೂ ಒಂದೇ ಬೆಳಗಿನಲ್ಲಿ ಕೀಳಿಸಿದರು. ನಾನೂ ಬೇಡ ಅನ್ನಲಿಲ್ಲ. ಜೆಸಿಬಿಯವನಿಗೆ ಉಪ್ಪಿಟ್ಟು ಮಾಡಿ ಕೊಟ್ಟವಳು ನಾನೇ.

ಅದರ ಮುಂದಿನ ಆಷಾಢದಲ್ಲಿ ಮರಳು ತೋಟಕ್ಕೆ ಬಂತು. ಧೂಳಿನ ಹಾಗೆ ಮೇಲೆ ಹಾರಿ ಬರಲಿಲ್ಲ. ಮೊಣಕಾಲಿನ ಎತ್ತರದೊಳಗೇ, ನೆಲ ಮುಟ್ಟುತ್ತ ಜಿಗಿಯುತ್ತ ಬಂತು. ಬರಿಗಾಲಲ್ಲಿ ನಿಂತರೆ ಕಣಕಾಲಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಹೊಸದಾಗಿ ನೆಟ್ಟ ಸಸಿಗಳಿಗೆ ಮರೆಯಾಗಲೆಂದು, ತೆಂಗಿನ ಸೀಮೆಯ ಯಾರಾದರೂ ಮಾಡುವುದನ್ನೇ ನಾವೂ ಮಾಡಿದೆವು. ಸೋಗೆಗೇನು ಬರವೇ? ಹೆಣೆದು ಎದೆಮಟ್ಟದ ತಡಿಕೆ ಕಟ್ಟಿ ಸಾಲಾಗಿ ನಿಲ್ಲಿಸಿದೆವು. ಗಾಳಿ ತಡಿಕೆಗೆ ತಾಗಿ ಸೋತಿತು. ಸೋತ ಗಾಳಿ ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸಿತು. ಒಂದೇ ವರ್ಷಕ್ಕೆ ತಡಿಕೆ ಮುಳುಗಿತು. ಮುಳುಗಿದ್ದರ ತಲೆಯ ಮೇಲೆ ಇನ್ನೊಂದು ಕಟ್ಟಿದೆವು. ಅದೂ ಮುಳುಗಿತು. ಮೂರನೆಯದನ್ನು ಕಟ್ಟಲು ಏಣಿ ಬೇಕಾಯಿತು. ಆಗಲೂ ನಮಗೆ ಹೊಳೆಯಲಿಲ್ಲ, ಮರಳನ್ನು ತಡೆಯುತ್ತಿಲ್ಲ, ಕೂಡಿಹಾಕುತ್ತಿದ್ದೇವೆ ಎಂದು.

ದಿಣ್ಣೆಗೆ ಎರಡು ಮಗ್ಗುಲು. ಹಳ್ಳದ ಕಡೆ ಗಾಳಿ ಸವರಿದ ಇಳಿಜಾರು, ಮಕ್ಕಳು ಓಡಿ ಹತ್ತುವಷ್ಟು ನಯ. ತೋಟದ ಕಡೆ ಕಡಿದು. ಗಾಳಿ ಆ ಕಡೆಯಿಂದ ಮರಳನ್ನು ಕಾಳುಕಾಳಾಗಿ ಮೇಲೇರಿಸಿ ನೆತ್ತಿಯಿಂದ ಈ ಕಡೆಗೆ ಉರುಳಿಸುತ್ತದೆ. ದಿಣ್ಣೆ ಅಷ್ಟಷ್ಟೇ ಮುಂದೆ ಬರುತ್ತದೆ. ಹೀಗೆ ಬಂದು ಏಳು ಸಸಿಗಳನ್ನು ಸುಳಿಯವರೆಗೆ ನುಂಗಿತ್ತು. ಯಜಮಾನರು ಅಗೆಯುತ್ತಿದ್ದುದು ಆ ಏಳಕ್ಕಾಗಿ.

ನನ್ನ ಭಯಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಗೋಕರ್ಣಕ್ಕೆ ಹೋಗಿದ್ದಾಗ ಕಡಲ ದಂಡೆಯಲ್ಲಿ ಇಂಥದ್ದೇ ದಿಬ್ಬಗಳನ್ನು ನೋಡಿದ್ದೆ. ನೇರಳೆ ಹೂವಿನ ಬಳ್ಳಿ ಹಬ್ಬಿದ ಕಡೆ ಮರಳು ಮಲಗಿದ ಎಮ್ಮೆಯ ಹಾಗೆ ಸುಮ್ಮನಿತ್ತು. ಬಳ್ಳಿ ತುಳಿದು ಸತ್ತ ಕಡೆ ಅಲೆ ಬಂದು ದಿಬ್ಬದ ಕಾಲು ತಿಂದಿತ್ತು. ನಾನು ನೋಡುತ್ತಿದ್ದಂತೆಯೇ ನೆತ್ತಿಯ ಮೇಲೊಂದು ಬಿರುಕು ಮೂಡಿ, ಆಳೆತ್ತರದ ಗೋಡೆ ಕುಸಿದು ಕೂತಿತು. ಒಂದಿಷ್ಟೂ ಸದ್ದಾಗಲಿಲ್ಲ. ಆ ಸದ್ದಿಲ್ಲದ್ದು ಮನಸ್ಸಿನಲ್ಲಿ ಉಳಿದಿತ್ತು.

ಆವತ್ತು ಹುಳಿಯಾರಿನ ಕಡೆಯ ಕುರಿಯವರೊಬ್ಬರು ತೋಟದಲ್ಲಿದ್ದರು. ಗೊಬ್ಬರಕ್ಕೆಂದು ವರ್ಷವರ್ಷ ನಮ್ಮಲ್ಲಿ ಮಂದೆ ನಿಲ್ಲಿಸುವ ಅಜ್ಜ. ಕಂಬಳಿ ಹೊದ್ದು ದೂರದಲ್ಲೇ ನಿಂತು ಕೇಳಿದರು:

"ಏನ್ ಸ್ವಾಮಿ, ಬುಡ ಅಗಿತಾ ಇದೀರಾ? ನಿಮ್ ಮನೆ ಗೋಡೆಗೂ ಹಿಂಗೇ ಮಾಡ್ತೀರಾ?"

"ಮರಳು ಕಣಜ್ಜ, ಬಂಡೆ ಅಲ್ಲ. ಮೈಮೇಲೆ ಬಿದ್ರೆ ಕೊಡವ್ಕೊಂಡು ಎದ್ದೇಳ್ತೀನಿ."

"ಕೊಡವ್ಕೊಳ್ಳೋಕೆ ಕೈ ಈಚೆ ಇರ್ಬೇಕಲ್ಲ. ನನ್ ಕುರಿಗಳೇ ಆ ಮಗ್ಗುಲಿಗೆ ಹೋಗಾಕಿಲ್ಲ, ನೋಡಿ."

"ಕುರಿಗೇನು, ಅವು ತೆಂಗು ನೆಟ್ಟಿದ್ವಾ?"

ಅಜ್ಜ ನಕ್ಕರು. ಜಗಲಿಯಿಂದ ಅತ್ತೆ ಕೂಗಿದರು: "ಲೋ, ದೊಡ್ಡೋರು ಹೇಳಿದ್ ಕೇಳ್ಲಾ! ಏಳ್ ಸಸಿ ಹೋದ್ರೆ ಹೋಗ್ಲಿ ಬುಡು, ಇನ್ನೇಳ್ ನೆಟ್ರಾಯ್ತು."

"ಆರು ಸಿಕ್ಕವೆ ಕಣವ್ವ. ಇನ್ನೊಂದೇ ಒಂದು."

ಆ ಇನ್ನೊಂದು ಎಲ್ಲಕ್ಕಿಂತ ಒಳಗಿತ್ತು.

ಮಧ್ಯಾಹ್ನ ಮಜ್ಜಿಗೆ ತೆಗೆದುಕೊಂಡು ಹೋದೆ. ಯಜಮಾನರು ಗುಂಡಿಯೊಳಗೆ ಬಗ್ಗಿದ್ದರು, ಬೆನ್ನು ಮಾತ್ರ ಕಾಣುತ್ತಿತ್ತು. ತಲೆ ಎತ್ತಿ ನೋಡಿದೆ. ದಿಣ್ಣೆಯ ನೆತ್ತಿಯ ಮೇಲೆ ಒದ್ದೆ ಮರಳಿನಲ್ಲಿ ಒಂದು ಗೆರೆ.

"ರೀ, ಈಚೆ ಬನ್ರೀ. ಮೇಲೆ ಬಿರುಕು ಬಿಟ್ಟೈತೆ."

"ನಿಂಗೆ ಗೋಕರ್ಣದಿಂದ್ಲೂ ಬಿರುಕೇ ಕಾಣೋದು ಕಣೇ. ಸುಳಿ ಸಿಕ್ತು, ಇರು."

ಚೊಂಬು ಕೆಳಗಿಡಲು ಬಗ್ಗಿದೆ. ಎದ್ದು ನೋಡಿದರೆ ಗುಂಡಿ ಇರಲಿಲ್ಲ. ಸದ್ದೂ ಇರಲಿಲ್ಲ. ಕಂಕುಳವರೆಗೆ ಮರಳು, ಅದರ ಮೇಲೆ ಯಜಮಾನರ ತಲೆ, ಎರಡು ತೋಳು. ಎಂದೋ ಕಟ್ಟಿದ್ದ ತಡಿಕೆಯ ಸೋಗೆಗಳು ಕುಸಿದ ಕಡೆಯಿಂದ ಕಪ್ಪಗೆ ಹೊರಗೆ ಇಣುಕುತ್ತಿದ್ದವು. ಒಳಗೇ ಕೊಳೆತು ಟೊಳ್ಳಾಗಿದ್ದವು. ಅವುಗಳಲ್ಲೊಂದನ್ನು ಹಿಡಿದು ಏಳಲು ಹೋದರು, ಕೈಯಲ್ಲೇ ಪುಡಿಯಾಯಿತು.

ನಾನು ಓಡಿ ಹೋಗಿ, ಗುಂಡಿಯಾಚೆ ಬಿದ್ದಿದ್ದ ಗುದ್ದಲಿ ಎತ್ತಿಕೊಂಡೆ.

"ಗುದ್ದಲಿ ಬುಡವ್ವ!" ಅಜ್ಜ ಕೂಗುತ್ತ ಬಂದರು. "ಮೇಲ್ಗಡೆ ಕಾಲಿಡಬ್ಯಾಡ. ಇನ್ನೊಂದ್ಸಲ ಬಂದ್ರೆ ಮುಖ ಮುಚ್ಚುತ್ತೆ. ಆ ಹೊಸ ತಡಿಕೆ ತಾ."

ಆ ವರ್ಷ ಕಟ್ಟಲೆಂದು ಹೆಣೆದಿಟ್ಟಿದ್ದ ತಡಿಕೆ ಅದು. ಇಬ್ಬರೂ ಎಳೆದು ತಂದು ಯಜಮಾನರ ಬೆನ್ನ ಹಿಂದೆ ಓರೆಯಾಗಿ ನಿಲ್ಲಿಸಿದೆವು. ಅಜ್ಜ ಬೆನ್ನು ಕೊಟ್ಟು ಕೂತರು. ತಡಿಕೆಯ ಹಿಂದೆ ಮರಳು ಸುರಿಯುತ್ತಲೇ ಇತ್ತು, ಜರಡಿ ಆಡಿಸಿದ ಹಾಗೆ. ನಾನು ಕೆಳಗೆ ಸೋಗೆ ಹಾಸಿ, ಅದರ ಮೇಲೆ ಮಂಡಿಯೂರಿ, ಕೈಯಲ್ಲೂ ಅಲ್ಲೇ ಸಿಕ್ಕ ತೆಂಗಿನ ಚಿಪ್ಪಿನಲ್ಲೂ ಬಗೆದೆ.

ಯಜಮಾನರು ಉಸಿರು ಬಿಟ್ಟಾಗ ಎದೆ ಇಳಿದಷ್ಟು ಜಾಗಕ್ಕೂ ಮರಳು ಇಳಿದು ಬಿಗಿಯುತ್ತಿತ್ತು. ಮುಂದಿನ ಉಸಿರು ಹಿಂದಿನದಕ್ಕಿಂತ ಚಿಕ್ಕದಾಗುತ್ತಿತ್ತು. ತುಟಿಗಳು ಬಿಳಿಚಿದವು. ಒಂದು ಹಿಡಿ ತೆಗೆದರೆ ಮುಕ್ಕಾಲು ಹಿಡಿ ಬಂದು ತುಂಬುತ್ತಿತ್ತು. ಉಳಿಯುವ ಕಾಲು ಹಿಡಿಯನ್ನೇ ನೋಡುತ್ತ ಬಗೆದೆ. ಅತ್ತೆ ಕೋಲೂರಿಕೊಂಡು ಬಂದವರು ಮಗನ ಕೈ ಹಿಡಿದು ಕೂತು, "ನನ್ನೇ ನೋಡ್ಲಾ, ಕಣ್ಮುಚ್ಚಬ್ಯಾಡ, ನೋಡ್ಲಾ ಇಲ್ಲಿ" ಎಂದು ಅದೊಂದನ್ನೇ ಹೇಳುತ್ತಿದ್ದರು.

ಎದೆ ಬಿಡಿಸಿಕೊಂಡಾಗ ಯಜಮಾನರು ಎಳೆದುಕೊಂಡ ಉಸಿರಿನ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಸೊಂಟಕ್ಕೆ ಬರುವಷ್ಟರಲ್ಲಿ ನನ್ನ ಉಗುರುಗಳಲ್ಲಿ ರಕ್ತ. ಕಾಲು ಹೊರಬಂದದ್ದು ಕುರಿಗಳು ಮಂದೆಗೆ ಮರಳುವ ಹೊತ್ತಿಗೆ. ಒಂದು ಚಪ್ಪಲಿ ಒಳಗೇ ಉಳಿಯಿತು. ಅಜ್ಜ ತಡಿಕೆ ಬಿಟ್ಟು ಎದ್ದರು. ತಡಿಕೆ ಮಲಗಿತು, ಯಜಮಾನರು ಹೂತಿದ್ದ ಜಾಗ ಕಣ್ಣೆದುರೇ ತುಂಬಿ ಸಮವಾಯಿತು.

"ಏಳನೇದು ಸಿಕ್ತಾ, ಸ್ವಾಮಿ?" ಅಜ್ಜ ಕೇಳಿದರು. ಯಜಮಾನರು ಅಜ್ಜನ ಕಾಲು ಮುಟ್ಟಲು ಬಗ್ಗಿದರು, ಅಜ್ಜ ಹಿಂದೆ ಸರಿದರು.

ಆ ಎರಡು ಸಾಲನ್ನು ಬಿಟ್ಟುಬಿಟ್ಟಿದ್ದೇವೆ. ಈ ಮಳೆಗೆ ಹಳ್ಳದ ದಡದಲ್ಲಿ ಕತ್ತಾಳೆ ಮರಿ ನೆಟ್ಟು, ದಿಣ್ಣೆಯ ಮೈಗೆ ಲಾವಂಚ ಚುಚ್ಚಿದ್ದೇವೆ. ಒಂದಿಷ್ಟು ಹಿಡಿದಿದೆ, ಒಂದಿಷ್ಟು ಒಣಗಿದೆ. ಪಡುವಣ ಗಾಳಿ ಎದ್ದ ದಿನ ನಾನು ಬಾವಿಕಟ್ಟೆಯನ್ನು ಎಷ್ಟು ಸಲ ಗುಡಿಸಿದೆ ಎಂದು ಈಗಲೂ ಎಣಿಸುತ್ತೇನೆ.

ಆವತ್ತು ರಾತ್ರಿ ಮುದ್ದೆ, ಬೆಳಿಗ್ಗೆ ನೆನೆಹಾಕಿದ್ದ ಹುರುಳಿಕಾಳಿನ ಸಾರು. ಅಜ್ಜನೂ ನಮ್ಮ ಜೊತೆ ಕೂತರು. ನನ್ನ ಉಗುರು ಉರಿಯುತ್ತಿದ್ದುದರಿಂದ ಮುದ್ದೆ ಕಟ್ಟಿದ್ದು ಅತ್ತೆ. ಯಜಮಾನರು ಅರ್ಧ ಮುದ್ದೆ ತಿಂದರು. ಹಲ್ಲಿಗೆ ಮರಳು ಸಿಗುತ್ತಿದೆ ಎಂದು ಎರಡು ಸಲ ಬಾಯಿ ಮುಕ್ಕಳಿಸಿದರು. ಹೊದಿಕೆ ಎದೆಯ ಮೇಲೆ ಬೇಡ ಎಂದು ಸೊಂಟಕ್ಕೆ ಇಳಿಸಿಕೊಂಡು ಅವರೇ ಮೊದಲು ನಿದ್ದೆ ಹೋದರು. ಆಮೇಲೆ ಅತ್ತೆ, ಮಗನ ಕೈ ಹಿಡಿದುಕೊಂಡೇ.