ನಾಲ್ಕು ಫ್ಯಾನು, ಒಂದು ಕೌದಿ

ಅರ್ಧ ಮಾತಿಗೇ ಎದ್ದು ಹೋಗುವವಳು ಎಂಬ ಹೆಸರು ನನಗೆ ಮೊದಲಿನಿಂದಲೂ ಇದೆ. ಸುಳ್ಳೇನಲ್ಲ. ಊಟದ ತಟ್ಟೆ ಬಿಟ್ಟು ಎದ್ದಿದ್ದೇನೆ, ನೆಂಟರ ಮನೆಯಿಂದ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಬಿದ್ದಿದ್ದೇನೆ. ಆದರೆ ಆ ಬೇಸಿಗೆಯ ಎರಡು ಭಾನುವಾರ ತಮ್ಮನ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದು ನಾನಲ್ಲ, ನನ್ನ ಕಂಪ್ಯೂಟರು. ಅದನ್ನು ಅವನು ನಂಬುವಂತೆ ಮಾಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ತಮ್ಮ ಮುಂಡರಗಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಾನು ಬೆಟಗೇರಿಯಲ್ಲಿ ಮನೆಯಲ್ಲೇ ಕೂತು ಲಗ್ನಪತ್ರಿಕೆಗಳನ್ನು ತಯಾರಿಸಿ ಗದಗಿನ ಪ್ರೆಸ್ಸುಗಳಿಗೆ ಕೊಡುತ್ತೇನೆ. ಚಿಕ್ಕಂದಿನಿಂದ ನಮಗಿಬ್ಬರಿಗೂ ಗೇಮಿನ ಹುಚ್ಚು. ನಾನು ಮದುವೆಯಾಗಿ ಬಂದ ಮೇಲೆ ಅವನೇ ನನಗೊಂದು ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಟ್ಟ. ಕ್ಯಾಬಿನೆಟ್ಟಿನ ಒಂದು ಬದಿಗೆ ಗಾಜು, ಒಳಗೆ ನಾಲ್ಕು ಫ್ಯಾನು. ಅವ್ವ ಅದಕ್ಕೊಂದು ಕೌದಿ ಹೊಲಿದಳು. ನಮ್ಮ ಮನೆಯಲ್ಲಿ ಮುಸುಕಿಲ್ಲದ ವಸ್ತುವೇ ಇರಲಿಲ್ಲ. ಟಿವಿ, ಮಿಕ್ಸರ್, ಹೊಲಿಗೆ ಯಂತ್ರ ಎಲ್ಲಕ್ಕೂ ಅವ್ವನ ಕೈಯ ಹೊದಿಕೆ. ಈ ಕೌದಿಯಲ್ಲಿ ತಮ್ಮನ ಶಾಲೆಯ ಖಾಕಿ ಚಡ್ಡಿಯ ತುಂಡಿದೆ, ನನ್ನ ಹಸಿರು ಲಂಗದ ತುಂಡಿದೆ, ಸುತ್ತಲೂ ಅವಳದೇ ಇಳಕಲ್ ಸೀರೆಯ ದಡಿ. ಮರುವರ್ಷ ಅವ್ವ ತೀರಿಕೊಂಡಳು. ಆಡಲು ಕೂತಾಗ ಕೌದಿಯ ಮುಂಭಾಗವನ್ನು ಮೇಲೆತ್ತಿ ಹಿಂದಕ್ಕೆ ಹಾಕುತ್ತಿದ್ದೆ, ಟಿವಿಯ ಮುಸುಕು ಎತ್ತುವ ಹಾಗೆ. ಪೂರ್ತಿ ತೆಗೆದು ಬದಿಗಿಡಲು ಮನಸ್ಸು ಒಪ್ಪುತ್ತಿರಲಿಲ್ಲ.

ಇನ್ನು ಜಗಳದ ಕತೆ. ತಮ್ಮನಿಗೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯ ಲಕ್ಷ್ಮೇಶ್ವರದಲ್ಲಿ, ಅವನ ಹೆಂಡತಿಯ ತವರಿನಲ್ಲಿ. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಮೊದಲು ಹೆಸರು ಕರೆಯಬೇಕಾದವಳು ಸೋದರತ್ತೆ. ಆಗ ಸುತ್ತ ನಿಂತ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಆ ಗುದ್ದುಗಳಿಗಾಗಿ ನಾನು ತಿಂಗಳಿನಿಂದ ಕಾದಿದ್ದೆ. ಅವತ್ತೇ ನಾನು ಹತ್ತಿದ ಬಸ್ಸು ಶಿರಹಟ್ಟಿಯ ಈಚೆ ಕೆಟ್ಟು ನಿಲ್ಲಬೇಕೆ! ತಮ್ಮನಿಗೆ ಫೋನ್ ಮಾಡಿ, “ಅರ್ಧಾ ತಾಸು ತಡೀರಿ, ಬಂದ ಬಿಡ್ತೀನಿ,” ಎಂದೆ. “ಹೂಂ, ಬಾ ಅಕ್ಕಾ,” ಎಂದ. ಬೇರೆ ಗಾಡಿ ಹಿಡಿದು ಹೋಗಿ ಹೊಸ್ತಿಲು ದಾಟಿದರೆ, ಅವನ ಹೆಂಡತಿಯ ತಂಗಿ ತೊಟ್ಟಿಲ ಮೇಲೆ ಬಾಗಿದ್ದಾಳೆ, ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಿದ್ದಾರೆ. ನನ್ನ ಮೈಯೆಲ್ಲ ಉರಿದುಹೋಯಿತು. ಕೂಸಿನ ಮುಖವನ್ನೂ ನೋಡಲಿಲ್ಲ. “ಇನ್ನಮ್ಯಾಲೆ ನನಗ ಫೋನ್ ಮಾಡಬ್ಯಾಡ ಲೇ,” ಎಂದು ತಮ್ಮನಿಗೆ ಹೇಳಿ ಬಂದ ಕಾಲಲ್ಲೇ ಹಿಂದಿರುಗಿದೆ.

ಅವನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಆದರೆ ಪ್ರತಿ ಭಾನುವಾರ ಸಂಜೆ ನಾಲ್ಕು ಗಂಟೆಯ ಆನ್‌ಲೈನ್ ಆಟವನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಅದನ್ನು ಬಿಡುತ್ತೇನೆಂದು ನಾನು ಹೇಳಿರಲಿಲ್ಲವಲ್ಲ. ಅವನು ಮುಂಡರಗಿಯಲ್ಲಿ, ನಾನು ಬೆಟಗೇರಿಯಲ್ಲಿ, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಏಳು ತಿಂಗಳು ಆಡಿದ ಮಾತೆಂದರೆ, “ಎಡಕ್ಕ ನೋಡು”, “ಗ್ವಾಡಿ ಹಿಂದ ಇಬ್ಬರದಾರ”, “ಓಡು ಓಡು”. ಅಷ್ಟೇ.

ಮಾರ್ಚಿನ ಒಂದು ಭಾನುವಾರ ಪಂದ್ಯ ಮುಗಿದ ಮೇಲೂ ಅವನು ಆಟದಿಂದ ಹೊರಗೆ ಹೋಗಲಿಲ್ಲ. ಹೆಡ್‌ಸೆಟ್ಟಿನಲ್ಲಿ ಅವನ ಉಸಿರು ಕೇಳುತ್ತಿತ್ತು. “ಅಕ್ಕಾ, ಅವತ್ತ ತೊಟ್ಟಲದಾಗ...” ಎಂದ. ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡುವಷ್ಟರಲ್ಲಿ ಅವನಿರಲಿಲ್ಲ. ‘ಕಂಪ್ಯೂಟರ್ ತಾನಾ ಬಂದ್ ಆತು’ ಎಂದು ಸಂದೇಶ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಮುಂದಿನ ಭಾನುವಾರವೂ ಅದೇ: ಪಂದ್ಯ ಮುಗಿಯಿತು, “ಅಕ್ಕಾ, ಅವತ್ತ...” ಎಂದ, ಪರದೆ ಕಪ್ಪಾಯಿತು. ಈ ಸಲ ಹೆಬ್ಬೆರಳೂ ಬರಲಿಲ್ಲ. ಮೂರನೆಯ ಭಾನುವಾರ ಅವನು ಆಟಕ್ಕೇ ಬರಲಿಲ್ಲ.

ಕ್ಯಾಬಿನೆಟ್ಟಿನ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಈ ವರ್ಷ ನಾವು ಹಿಡಿದಿದ್ದ ಹೊಸ ಗೇಮು ಯಂತ್ರವನ್ನು ಹಿಂಡುವಂಥದ್ದು, ಮೇಲೆ ಗದಗಿನ ಬಿಸಿಲು. ಮುಕ್ಕಾಲು ತಾಸು ಆಡಿದರೆ ಕಾವು ಮಿತಿಮೀರಿ ಯಂತ್ರ ತಾನೇ ಆರಿಹೋಗುತ್ತಿತ್ತು. ತಮ್ಮನಿಗೆ ಬಾಯಿ ಬಿಡುವ ಧೈರ್ಯ ಬರುವುದೂ ಪಂದ್ಯ ಮುಗಿದ ಮೇಲೆ, ಸರಿಯಾಗಿ ಅದೇ ಹೊತ್ತಿಗೆ. ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನ್ ಮಾಡಬೇಡ ಎಂದವಳೇ ಫೋನ್ ಮಾಡಿ, ನೀನು ಜೋಡಿಸಿದ ಯಂತ್ರವೇ ಸರಿಯಿಲ್ಲ ಎನ್ನುವುದೇ? ನಾನೇ ಸರಿಮಾಡುತ್ತೇನೆ ಎಂದು ಹಟ ಹಿಡಿದೆ.

ಆ ವಾರ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಂದು ಲಗ್ನಪತ್ರಿಕೆಯಲ್ಲಿ ವರನ ಅಪ್ಪನ ಹೆಸರನ್ನು ವಧುವಿಗೆ ಹಾಕಿ ಬೈಸಿಕೊಂಡೆ. ಕೌದಿ ತೆಗೆದು ಮಡಚಿಟ್ಟು, ಗಾಜು ಬಿಚ್ಚಿ, ಸ್ಕ್ರೂಡ್ರೈವರ್ ಹಿಡಿದು ಕೂತೆ. ಮುಂದಿನ ಎರಡು ಫ್ಯಾನು ಗಾಳಿಯನ್ನು ಒಳಗೆಳೆಯುತ್ತವೆ. ಹಿಂದಿನದೊಂದು, ಮೇಲಿನದೊಂದು ಹೊರಗೆ ದಬ್ಬುತ್ತವೆ. ಇಂಥ ಬಿಸಿಲಿನಲ್ಲಿ ಗಾಳಿಯನ್ನು ಹೊರಗೆ ದಬ್ಬುವುದೇಕೆ ಎನ್ನಿಸಿ ಮೇಲಿನದನ್ನು ತಿರುಗಿಸಿ ಕೂಡಿಸಿ, ಎಂದಿನಂತೆ ಕೌದಿ ಹೊದಿಸಿ ಆಡಿದೆ. ಹತ್ತು ನಿಮಿಷ ಮೊದಲೇ ಸತ್ತಿತು. ಸಿಟ್ಟಿಗೆ ಹಿಂದಿನದನ್ನೂ ತಿರುಗಿಸಿ ನಾಲ್ಕೂ ಒಳಮುಖ ಮಾಡಿದೆ. ಇನ್ನೂ ಬೇಗ ಸತ್ತಿತು. ನನ್ನ ಗಂಡ ಬಾಗಿಲಲ್ಲಿ ನಿಂತು, “ಎಲ್ಲಾ ಫ್ಯಾನು ತಿರಗಾಕತ್ತಾವಲ್ಲ, ಮತ್ತೇನ ಬೇಕ ಅದಕ್ಕ?” ಎಂದರು. ನಾನು ನೋಡಿದ ನೋಟಕ್ಕೆ ಚೀಲ ಹಿಡಿದು ಸಂತೆಗೆ ಹೋಗಿಬಿಟ್ಟರು, ಅವತ್ತು ಸಂತೆಯೇ ಇರಲಿಲ್ಲ.

ಕೊನೆಗೆ ನಾಲ್ಕನ್ನೂ ತಮ್ಮ ಇಟ್ಟ ಹಾಗೆಯೇ ಇಟ್ಟು, ದೇವರ ಜಗಲಿಯ ಊದಿನಕಡ್ಡಿ ತಂದು ಹಚ್ಚಿ ಮುಂದೆ ಹಿಡಿದೆ. ಹೊಗೆ ಮುಂದಿನಿಂದ ಸರಕ್ಕನೆ ಒಳಗೆ ಹೋಯಿತು, ಮೇಲಿನಿಂದಲೂ ಹಿಂದಿನಿಂದಲೂ ನೆಟ್ಟಗೆ ಹೊರಬಂತು. ಎಲ್ಲಾ ಸರಿಯಾಗಿಯೇ ಇದೆ! ಖುಷಿಯಿಂದ ಗಾಜು ಮುಚ್ಚಿ, ಕೌದಿ ಹೊದಿಸಿ, ಮುಂಭಾಗವನ್ನು ಎತ್ತಿ ಹಿಂದಕ್ಕೆ ಹಾಕಿ ಆಡಲು ಕೂತೆ. ಮುಕ್ಕಾಲು ತಾಸಿಗೆ ಪರದೆ ಕಪ್ಪು. ಅವತ್ತು ನಾನು ಅತ್ತದ್ದು ಕಂಪ್ಯೂಟರಿಗಾಗಿ ಅಲ್ಲ. ತಮ್ಮ ಮತ್ತೆ ಎಂದೂ “ಅಕ್ಕಾ, ಅವತ್ತ” ಎನ್ನುವುದಿಲ್ಲವೇನೋ ಎಂಬ ಹೆದರಿಕೆಗೆ.

ಮರುದಿನ ಬೆಳಿಗ್ಗೆ ಕಂಪ್ಯೂಟರನ್ನು ಕೌದಿಯಲ್ಲೇ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಮುಂಡರಗಿ ಬಸ್ಸು ಹತ್ತಿದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಅವನ್ನು ಕಂಡೂ ಸಿಟ್ಟು ಬಂತು.

ತಮ್ಮ ಅಂಗಡಿಯಲ್ಲಿ ಒಬ್ಬನೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ. “ನಾ ಬಂದ್ ಮಾಡಿಲ್ಲ. ಅದು ತಾನಾ ಆಗೇತಿ. ಬೇಕಾರ ನೋಡು,” ಎಂದೆ. ಅವನು ಕೌದಿ ಬಿಚ್ಚಿ ಬದಿಗಿಟ್ಟು, ವೈರು ಜೋಡಿಸಿ ಗೇಮು ಚಾಲೂ ಮಾಡಿದ. ಒಂದು ತಾಸು ಓಡಿತು. ಏನೂ ಆಗಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ, “ನೀನ ಬಂದ್ ಮಾಡಿದ್ರ ಮಾಡೀನಿ ಅಂತ ಹೇಳಕ್ಕಾ. ನಾ ಏನೂ ಅನ್ನೂದಿಲ್ಲ,” ಎಂದ.

“ಸುಳ್ಳ ಹೇಳಾಕ ಇಷ್ಟ ದೊಡ್ಡದನ್ನ ಹೊತ್ಕೊಂಡು ಬಂದೀನೇನಲೇ?”

“ಹಂಗಾರ ಮನ್ಯಾಗ ಹೆಂಗ ಆಡ್ತಿ, ಹಂಗ ಆಡಿ ತೋರಸು.”

ತೋರಿಸಿದೆ. ಕೌದಿ ಹೊದಿಸಿ, ಮುಂಭಾಗವನ್ನು ಎತ್ತಿ ಹಿಂದಕ್ಕೆ ಹಾಕಿ, ಕುರ್ಚಿ ಎಳೆದುಕೊಂಡು ಕೂತೆ. ಅವನು ಕೌದಿಯನ್ನೇ ನೋಡುತ್ತ ನಿಂತ. ಅವನ ಖಾಕಿ ತುಂಡು ಹಿಂದಕ್ಕೆ ಜೋತಾಡುತ್ತಿತ್ತು. ಏನೋ ಹೇಳಲು ಹೋಗಿ ಸುಮ್ಮನಾದ. ಸ್ಟೂಲು ತಂದು ನನ್ನ ಪಕ್ಕದಲ್ಲಿ ಕೂತ. ನಾನು ಆಡುತ್ತಲೇ ಇದ್ದೆ. ಮುಕ್ಕಾಲು ತಾಸು ಆಗುತ್ತ ಬಂದಾಗ ತನ್ನ ಕೈಗಳನ್ನು ನೋಡಿಕೊಳ್ಳುತ್ತ, “ಅಕ್ಕಾ, ಅವತ್ತ ತೊಟ್ಟಲದಾಗ...” ಎಂದ.

ಪರದೆ ಕಪ್ಪಾಯಿತು. ಅವನ ಮಾತು ಈ ಸಲ ನಿಲ್ಲಲಿಲ್ಲ.

“ನೀ ಫೋನ್ ಮಾಡಿದ್ದು ನಾ ಯಾರಿಗೂ ಹೇಳಲೇ ಇಲ್ಲ. ಎಲ್ಲಾರೂ ಹೊತ್ತಾತು ಹೊತ್ತಾತು ಅನ್ನಾಕತ್ತಿದ್ರು. ತಡೀರಿ, ನಮ್ಮಕ್ಕ ಬರಾಕತ್ತಾಳ ಅನ್ನಾಕ ಬೀಗರ ಮುಂದ ನನಗ ಬಾಯಿನ ಬರಲಿಲ್ಲ. ತಪ್ಪು ನಂದು.”

ನಾನು ಕಪ್ಪು ಪರದೆಯನ್ನೇ ನೋಡುತ್ತಿದ್ದೆ. ಅವನು ಎದ್ದು ಕೌದಿ ಎತ್ತಿದ. ಬಿಸಿಗಾಳಿ ಇಬ್ಬರ ಮುಖಕ್ಕೂ ರಪ್ಪನೆ ಬಡಿಯಿತು.

“ಗಾಳಿ ಹೊರಗ ಹೋಗು ಎರಡೂ ಬಾಗಲಾ ಅವ್ವ ಮುಚ್ಚಿಟ್ಟಾಳ ನೋಡು,” ಎಂದ.

“ಮುಚ್ಚಿದಾಕಿ ಅವ್ವ ಅಲ್ಲ, ನಾ,” ಎಂದೆ. ಆಮೇಲೆ ಕೇಳಿದೆ, “ಹೊಚ್ಚಿದ ಕೂಡ್ಲೆ ನಿನಗ ತಿಳದಿತ್ತಿಲ್ಲೋ?”

“ತಿಳದಿತ್ತು.”

“ಆಗ ಯಾಕ ಹೇಳಲಿಲ್ಲ?”

“ಹೇಳಿದ್ರ ನೀ ಎದ್ದ ಹೋಗ್ತಿದ್ದಿ.”

ಕೌದಿ ಹಿಡಿದುಕೊಂಡು ಅವನ ಮನೆಗೆ ಹೋದೆವು. ಅವನ ಹೆಂಡತಿ ಏನೂ ಕೇಳದೆ ಮಗುವನ್ನು ತಂದು ನನ್ನ ಮುಂದೆ ಕೂಡಿಸಿದಳು. ನಾನು ಕೌದಿ ಹಾಸಿ ಅದರ ಮೇಲೆ ಮಲಗಿಸಿ, ಬಾಗಿ, ಕಿವಿಯಲ್ಲಿ ‘ಕುರ್ರ್’ ಎಂದು ಅವಳ ಹೆಸರು ಕರೆದೆ. ಮಗು ಥಟ್ಟನೆ ತಿರುಗಿ ನೋಡಿತು. ಅದು ತನ್ನ ಹೆಸರೆಂದು ಅವಳಿಗೆ ಯಾವಾಗಲೋ ಗೊತ್ತಾಗಿತ್ತು. ಅಷ್ಟರಲ್ಲಿ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. ಹೆಂಗಸರು ಗುದ್ದುವ ಗುದ್ದಲ್ಲ ಅದು, ಚಿಕ್ಕವನಿದ್ದಾಗ ಆಟದಲ್ಲಿ ಸೋತು ತಮ್ಮ ಗುದ್ದುತ್ತಿದ್ದ ಗುದ್ದು.

ನಾನು ಬಾಗಿದಲ್ಲಿಂದ ಏಳಲಿಲ್ಲ. “ಲೇ, ಇನ್ನೊಂದ ಗುದ್ದು,” ಎಂದೆ.