ದೂರು ಪೆಟ್ಟಿಗೆಯ ಮೊದಲ ಚೀಟಿ

ಎರಡು ಸಾವಿರದ ಐದೋ ಆರೋ ಇರಬೇಕು. ಕರಾವಳಿ ಜಿಲ್ಲೆಗಳಿಗೆಂದು ಹೊಸದಾಗಿ ಹುಟ್ಟಿಕೊಂಡಿದ್ದ ಹಕ್ಕು ಶಿಕ್ಷಣ ಸಮಿತಿಯವರು ಹೈಸ್ಕೂಲು ಟೀಚರುಗಳನ್ನೆಲ್ಲ ಬ್ರಹ್ಮಾವರಕ್ಕೆ ಕರೆಸಿ ಎರಡು ದಿನ ತರಬೇತಿ ಕೊಟ್ಟರು. ಮಾನವ ಹಕ್ಕು ಅಂದರೆ ಪೊಲೀಸು, ಜೈಲು ಎಂದುಕೊಂಡಿದ್ದವಳು ನಾನು. ಶಾಲೆಯೊಳಗೂ ಅದಿದೆ, ತರಗತಿಯಲ್ಲಿ ದೂರು ಪೆಟ್ಟಿಗೆ ಇಡಿ, ಮಕ್ಕಳು ಹೆಸರು ಹಾಕದೆ ಬರೆಯಲಿ ಎಂದರು. ನನ್ನ ಉತ್ಸಾಹ ಕೇಳಬೇಡಿ! ಕುಂದಾಪುರಕ್ಕೆ ಮರಳಿದ ಮಾರನೇ ದಿನವೇ ಚಪ್ಪಲಿಯ ರಟ್ಟಿನ ಡಬ್ಬಿಗೆ ಕಿಂಡಿ ಕೊರೆದು ಹತ್ತನೇ ತರಗತಿಯಲ್ಲಿಟ್ಟೆ. ಹೆಡ್ ಮಾಸ್ತರರ ಮೇಲೆ ಎಷ್ಟು ದೂರು ಬೀಳುತ್ತದೋ ನೋಡುವ ಎಂಬ ಕೆಟ್ಟ ಕುತೂಹಲವೂ ಇತ್ತು.

ಶನಿವಾರ ತೆರೆದರೆ ಒಂದೇ ಚೀಟಿ. "ಮೀನಿನ ವಾಸನೆ ಎಂದು ಟೀಚರ್ ನನ್ನನ್ನು ಒಬ್ಬಳನ್ನೇ ಕಿಟಕಿ ಪಕ್ಕ ಕೂರಿಸಿದ್ದಾರೆ. ಸೋಮವಾರದಿಂದ ನಾನು ಬರುವುದಿಲ್ಲ."

ದೇವರೇ! ಹೆಸರಿಲ್ಲದಿದ್ದರೇನು, ಆ ಬೆಂಚಿನಲ್ಲಿ ಕೂರುತ್ತಿದ್ದುದು ಕಡಲ ದಂಡೆಯ ಕೋಡಿ ಊರಿನ ಹುಡುಗಿ ಒಬ್ಬಳೇ. ಬೆಳಿಗ್ಗೆ ಅಮ್ಮನ ಜೊತೆ ಮೀನು ಒಣಹಾಕಿ ಶಾಲೆಗೆ ಬರುವವಳು. ಉಳಿದವರು ಆಡಿಕೊಳ್ಳುತ್ತಾರೆ, ಗಾಳಿಗೆ ಕೂತರೆ ಅವಳಿಗೇ ಒಳ್ಳೆಯದು ಎಂದು ಕೂರಿಸಿದವಳು ನಾನೇ. ಉಪಕಾರ ಮಾಡಿದೆ ಎಂದೇ ನಂಬಿದ್ದೆ. ಪರೀಕ್ಷೆಗೆ ಎರಡು ತಿಂಗಳಿತ್ತು. ಈಗ ಬಿಟ್ಟರೆ ಆ ಹುಡುಗಿ ಮತ್ತೆ ಪುಸ್ತಕ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದೇ ಮಧ್ಯಾಹ್ನ ಕೋಡಿಗೆ ಓಡಿದೆ. ಅಂಗಳದ ತುಂಬ ಬಲೆ ಹಾಸಿ ಮೀನು ಹರವಿದ್ದರು. ವಾರಕ್ಕೆ ಮೂರು ಸಲ ನಮ್ಮ ಮನೆಗೇ ಮೀನು ತರುವ ಅವಳ ಅಮ್ಮ, "ಹ್ವಾಯ್ ಟೀಚರೆ, ಬನ್ನಿ, ಕೂಕಣಿ. ಈ ಹೆಣ್ಣಿಗ್ ಎಂತ ಆಯ್ತೋ, ಶಾಲಿಗ್ ಹೋತಿಲ್ಲೆ ಅಂತ್ ಹಟ ಹಿಡ್ದಿತ್," ಎಂದಳು.

"ತಪ್ಪು ನನ್ನದು ಮಾರಾಯ್ತಿ," ಎಂದೆ ಹುಡುಗಿಗೆ. "ಸೋಮವಾರದಿಂದ ಮುಂದಿನ ಬೆಂಚಲ್ಲಿ, ಎಲ್ಲರ ನಡುವೆ ಕೂರು. ಯಾರು ತುಟಿ ಬಿಚ್ಚುತ್ತಾರೋ ನಾನು ನೋಡಿಕೊಳ್ಳುತ್ತೇನೆ."

ಹುಡುಗಿ ಮೀನು ಮಗುಚುತ್ತಲೇ ಇದ್ದಳು. "ಅವ್ರ್ ಹೇಳುದ್ ಅಡ್ಡಿಲ್ಲ ಟೀಚರ್. ನೀವ್ ನೋಟ್ಸ್ ಪಟ್ಟಿ ತಿದ್ದುಕ್ ಹತ್ರ ಬಪ್ಪ ಹೊತ್ತಿಗೆ ಮೂಗಿಗ್ ಸೆರಗ್ ಹಿಡಿತ್ರಿ."

"ನಾನಾ? ಯಾವತ್ತು ಹಿಡಿದೆ? ಸುಳ್ಳು ಹೇಳಬೇಡ!" ಸಿಟ್ಟೇ ಬಂತು ನನಗೆ.

ಅವಳು ತಲೆಯೆತ್ತಿದಳು. "ಈಗ್ಲೂ ಹಿಡ್ಕಂಡೇ ಇದ್ರಿ ಅಲ್ದಾ?"

ಹಿಡಿದಿದ್ದೆ. ನನ್ನ ಕೈಯೇ, ನನಗೇ ಗೊತ್ತಿಲ್ಲ. ಅವಳ ಅಮ್ಮ ನೋಡುತ್ತ ನಿಂತಿದ್ದಳು. ಸೋಮವಾರ ಹುಡುಗಿ ಬರಲಿಲ್ಲ, ಪರೀಕ್ಷೆಗೂ ಬರಲಿಲ್ಲ.