ಸಿದ್ದಾಪುರದಲ್ಲಿ ಕೀರ್ತನೆ ಮಾಡಿದವನು

ಭೂತ, ದೆವ್ವ, ಒಬ್ಬನೇ ಮನುಷ್ಯ ಎರಡು ಕಡೆ ಕಾಣಿಸಿಕೊಂಡದ್ದು, ಇಂಥ ಮಾತು ಎದ್ದ ಕೂಡಲೇ ನಾನು ನೀರು ಕುಡಿಯುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಹೇಳುವವರು ಸುಳ್ಳರೆಂದಲ್ಲ. ಕತ್ತಲೆ, ಹಸಿವು, ಹೆದರಿಕೆ ಸೇರಿದರೆ ಹಗ್ಗವೂ ಹಾವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಈಗಲೂ ಬಹುಮಟ್ಟಿಗೆ ಹಾಗೇ. ಆದರೂ ನನ್ನದೇ ಒಂದು ಸಂಗತಿ ಇದೆ. ಅದನ್ನು ಹೇಳುವಾಗ ನಿಮ್ಮಲ್ಲಿ ಯಾರಾದರೂ ಎದ್ದುಹೋದರೆ ನನಗೇನೂ ಬೇಸರವಿಲ್ಲ.

ಅರವತ್ತರ ಆಸುಪಾಸಿನ ಮಾತು. ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅಪ್ಪ ಧಾರವಾಡದ ಕಡೆಯಿಂದ ಬಂದು ಶಿರಸಿಯ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ನಾನು ಹಿರಿಯ ಮಗ, ಅಪ್ಪನ ಎದುರಿನ ಯಂತ್ರ ನನ್ನದು. ತಮ್ಮ ಪ್ರಸನ್ನನಿಗೆ ಯಂತ್ರವೂ ಇರಲಿಲ್ಲ, ಚಿಂತೆಯೂ ಇರಲಿಲ್ಲ. ಊರಿನಲ್ಲಿ ನಮ್ಮ ಕ್ರೈಸ್ತ ಸಭೆಯ ಮನೆಗಳು ಬೆರಳೆಣಿಕೆಯವು. ಭಾನುವಾರದ ಆರಾಧನೆ ನಡೆಸಲು ದಾನಿಯೇಲಪ್ಪ ಎಂಬ ವಯಸ್ಸಾದ ಉಪದೇಶಿಗಳಿದ್ದರು. ಅವರು ಕೀರ್ತನೆಯನ್ನೂ ಮಾಡುತ್ತಿದ್ದರು. ಹರಿಕಥೆಯ ಹಾಗೆಯೇ ಕೈಯಲ್ಲಿ ಮರದ ಚಿಪಳಿ ಹಿಡಿದು ತಾಳ ತಟ್ಟುತ್ತ, ಹಾಡುತ್ತ, ನಡುನಡುವೆ ನಗಿಸುತ್ತ, ಯೇಸುಸ್ವಾಮಿ ಹೇಳಿದ ಕಥೆಗಳನ್ನು ಹೇಳುವುದು. ಸಭೆಯವರಷ್ಟೇ ಅಲ್ಲ, ಪೇಟೆಯ ಬೇರೆ ಜನರೂ ಬಂದು ಕೂತು ಕೇಳುತ್ತಿದ್ದರು.

ನನಗೆ ಜೀವನದಲ್ಲಿ ಬೇಕಾಗಿದ್ದದ್ದು ಆ ಚಿಪಳಿ ಒಂದೇ. ಉಪದೇಶಿಗಳ ಪದಗಳೆಲ್ಲ ನನಗೆ ಬಾಯಿಪಾಠ. ಯಂತ್ರ ತುಳಿಯುತ್ತ ಒಂದು ಅಂಗಿ ಮುಗಿಸುವಷ್ಟರಲ್ಲಿ ಒಂದು ಕೀರ್ತನೆ ಮುಗಿಸುತ್ತಿದ್ದೆ. ಆದರೆ ನಾಲ್ಕು ಜನರ ಮುಂದೆ ನಿಂತೆನೋ, ಮೊಣಕಾಲು ನಡುಗಿ ಗಂಟಲು ಕಟ್ಟುತ್ತಿತ್ತು. ಈ ಹೆದರಿಕೆಗೆ ನಾನು ಇಟ್ಟುಕೊಂಡಿದ್ದ ಹೆಸರು ವಿನಯ. ಮುಂದೆ ನಿಂತು ಮೆರೆಯುವುದು ಲೋಕದವರ ಕೆಲಸ, ದೇವರ ಮಗ ಹಿಂದಿನ ಸಾಲಿನಲ್ಲಿ ಕೂರಬೇಕು ಎಂದು ನನಗೆ ನಾನೇ ಬೋಧಿಸಿಕೊಳ್ಳುತ್ತಿದ್ದೆ. ಹಾಗಾಗಿ ಹಿಂದೆ ಕೂತು ತಾಳ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಉಪದೇಶಿಗಳ ಧ್ವನಿ ಸೋಲುತ್ತ ಬಂದಾಗ ಚಿಪಳಿ ಹೋದದ್ದು ಪ್ರಸನ್ನನ ಕೈಗೆ. ಅವನಿಗೆ ಒಂದು ಪದವೂ ನೆಟ್ಟಗೆ ಬರುತ್ತಿರಲಿಲ್ಲ. ಮರೆತಲ್ಲಿ ನಾನು ಹಿಂದಿನಿಂದ ಪಿಸುಗುಟ್ಟಬೇಕು, ಅವನು ಅದನ್ನೇ ಎತ್ತಿ ಹಾಡಿ ಜನರನ್ನು ಅಳಿಸಬೇಕು. ಕೀರ್ತನೆ ಮುಗಿದ ಮೇಲೆ ಹೆಂಗಸರು ಅವನಿಗೆ ಬಿಸಿ ಹಾಲು ತಂದುಕೊಡುತ್ತಿದ್ದರು. ತಾಳ ಹಾಕಿದವನಿಗೆ ಹಾಲು ಯಾರು ಕೊಡುತ್ತಾರೆ? ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುತ್ತುಬಳಸಿ ಹೇಳಲಾರೆ, ಅವನು ಬಾಯಿ ತೆರೆದರೆ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ರಾತ್ರಿ ಮೊಣಕಾಲೂರಿ ಧೈರ್ಯ ಕೊಡು ಎಂದು ಪ್ರಾರ್ಥಿಸುತ್ತಿದ್ದೆ, ಪ್ರಾರ್ಥನೆ ಮುಗಿಯುವ ಮೊದಲೇ ಮನಸ್ಸು ಆ ಹಾಲಿನ ಲೋಟದ ಕಡೆ ಹೋಗುತ್ತಿತ್ತು.

ಅವನಿಗೆ ಹೆಸರು ತಂದದ್ದು ಇಬ್ಬರು ಗಂಡುಮಕ್ಕಳ ಕಥೆ. ಕಿರಿಯವನು ಆಸ್ತಿಯ ಪಾಲು ತೆಗೆದುಕೊಂಡು ಹೋಗಿ, ಎಲ್ಲ ಹಾಳುಮಾಡಿ, ಹಸಿದು ಹಿಂದಿರುಗುತ್ತಾನೆ. ತಂದೆ ಓಡಿಹೋಗಿ ತಬ್ಬಿಕೊಂಡು ಹಬ್ಬ ಮಾಡಿಸುತ್ತಾನೆ. ಹೊಲದಲ್ಲಿ ದುಡಿದು ಬಂದ ಹಿರಿಯವನು ಸಿಟ್ಟಿನಿಂದ ಮನೆಯೊಳಗೆ ಕಾಲಿಡುವುದಿಲ್ಲ. ಕೇಳಿದವರೆಲ್ಲ ಕಿರಿಯವನಿಗಾಗಿ ಅಳುತ್ತಾರೆ. ನಾನು ಒಮ್ಮೆಯೂ ಅತ್ತಿಲ್ಲ, ನನ್ನ ಪಕ್ಷ ಯಾವತ್ತೂ ಹಿರಿಯವನದೇ. ಅವನಿಗಾಗಿ ಎರಡು ನುಡಿ ನಾನೇ ಕಟ್ಟಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಅದನ್ನು ಹಾಡುವ ರೀತಿಯನ್ನೂ ಯೋಚಿಸಿದ್ದೆ. ಕೀರ್ತನೆ ಮಾಡುವವನು ದೀಪದ ಬೆಳಕು ಬಿಟ್ಟು ಅಂಗಳಕ್ಕೆ ಇಳಿದು ಹೊರಗಿನ ಕತ್ತಲೆಯಿಂದ ಹಾಡಬೇಕು, ಒಳಗಿನವರಿಗೆ ಧ್ವನಿ ಮಾತ್ರ ಕೇಳಬೇಕು. ಇದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹಾಡಿರಲಿಲ್ಲ, ಹೇಳಿರಲಿಲ್ಲ. ಪ್ರಸನ್ನನಿಗೆ ಹೇಳುವ ಮಾತಂತೂ ದೂರ, ಕೇಳಿದ ಮರುದಿನವೇ ಮಾಡಿ ಹೆಸರು ಗಿಟ್ಟಿಸುತ್ತಿದ್ದ.

ಸಿದ್ದಾಪುರದಲ್ಲಿ ಸುಗಂಧಾಬಾಯಿ ಎಂಬ ನರ್ಸ್ ಇದ್ದರು, ನಮ್ಮ ಸಭೆಯವರೇ. ಹೊಸ ಮನೆ ಹೊಕ್ಕ ಸಂತೋಷಕ್ಕೆ ಈ ಕಥೆಯನ್ನೇ ಮಾಡಿಸಬೇಕೆಂದಿದ್ದರು. ಉಪದೇಶಿಗಳು ಹಿಂದಿನ ದಿನವೇ ಹೋಗಿದ್ದರು. ಹೊರಡುವ ದಿನ ಬೆಳಿಗ್ಗೆ ಪ್ರಸನ್ನನಿಗೆ ಮಂಗನಬಾವು, ಕೆನ್ನೆ ಊದಿ ಬಾಯಿ ತೆರೆಯಲಾಗದು. ಅಪ್ಪ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು. ನೀನೇ ಹೋಗಿ ಮಾಡು ಎಂದರು. ಎಷ್ಟೋ ವರ್ಷ ಬೇಡಿದ್ದು ತಾನಾಗಿ ಕೈಗೆ ಬಂದಿತ್ತು.

ಮಧ್ಯಾಹ್ನದ ಬಸ್ಸು ಹಿಡಿದೆ. ಊರು ಹತ್ತಿರವಾದಷ್ಟೂ ಹೆದರಿಕೆ ಹೆಚ್ಚುತ್ತ ಬಂತು. ನಡುದಾರಿಯ ಕಾನಸೂರಿನಲ್ಲಿ ಬಸ್ಸು ನಿಂತಾಗ ನೀರು ಕುಡಿಯಲು ಇಳಿದೆ. ಕಂಡಕ್ಟರ್ ಎರಡು ಸಲ ಕೂಗಿದ. ನಾನು ಚಹಾದಂಗಡಿಯ ಹಿಂದೆ ಚೀಲ ಅವುಚಿಕೊಂಡು ನಿಂತಿದ್ದೆ. ಬಸ್ಸು ಹೋಯಿತು. ಬಹುಶಃ ಇದೇ ದೇವರ ಚಿತ್ತ ಎಂದುಕೊಂಡೆ. ದೇವರು ಅಂದು ನನ್ನ ಮಾತು ಕೇಳಿದ್ದರೆ ನಕ್ಕಿರಬೇಕು.

ಸಂಜೆಯವರೆಗೂ ಆ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಹಿಂದಿರುಗುವ ಬಸ್ಸು ಬಂತು, ಅಪ್ಪನ ಮುಖ ನೆನೆದು ಅದನ್ನೂ ಹತ್ತಲಿಲ್ಲ. ಅಂಗಡಿಯ ಹೆಗಡೆಯವರು ಏನೂ ಕೇಳದೆ ಅವಲಕ್ಕಿ ಕೊಟ್ಟು, ಒಳಜಗಲಿಯಲ್ಲಿ ಚಾಪೆ ಹಾಸಿದರು. ಈಗ ಸಿದ್ದಾಪುರದಲ್ಲಿ ದೀಪ ಹಚ್ಚಿರುತ್ತಾರೆ, ಈಗ ಜನ ಕಾದು ಕಾದು ಎದ್ದಿರುತ್ತಾರೆ ಎಂದು ಎಣಿಸುತ್ತ ಮಲಗಿದೆ. ನಿದ್ದೆ ಮಾತ್ರ ಸೊಗಸಾಗಿ ಬಂತು.

ಬೆಳಿಗ್ಗೆ ಸಿದ್ದಾಪುರದಿಂದ ಬಂದ ಮೊದಲ ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲೇ ದಾನಿಯೇಲಪ್ಪನವರು. ಇಳಿದು ಓಡಲು ಹೊತ್ತಿರಲಿಲ್ಲ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಸರಿದು ಜಾಗ ಮಾಡಿದರು.

"ಬಾ, ಇಲ್ಲೆ ಕೂಡು. ರಾತ್ರಿ ಉಣ್ಣದ ಎತ್ತ ಹೋಗಿಬಿಟ್ಟಿ? ಸುಗಂಧಾಬಾಯಿ ಕಂದೀಲು ಹಿಡಕೊಂಡು ಅಂಗಳೆಲ್ಲಾ ಹುಡುಕ್ಯಾಡಿದ್ಲು."

ಕುಟುಕುತ್ತಿದ್ದಾರೆ ಎಂದುಕೊಂಡೆ. ಆದರೆ ಮುದುಕರ ಕಣ್ಣು ತುಂಬಿತ್ತು. ನಾನು ಕತ್ತಲಾಗುವ ಹೊತ್ತಿಗೆ ಪ್ರಸನ್ನನ ಬದಲು ಬಂದೆನಂತೆ, ಯಾರೊಡನೆಯೂ ಮಾತಾಡದೆ ಚಿಪಳಿ ಎತ್ತಿಕೊಂಡೆನಂತೆ. ಹಿರಿಯ ಮಗನ ಸರದಿ ಬಂದಾಗ ಹಾಡುತ್ತ ಹಾಡುತ್ತ ಮೆಟ್ಟಿಲಿಳಿದು ಹೊರಗೆ ಹೋದೆನಂತೆ. ಹೊರಗಿನಿಂದ ಪದ ಕೇಳಿ ಮನೆಯವರೆಲ್ಲ ಅತ್ತರಂತೆ. ಪದ ನಿಂತ ಮೇಲೆ ನಾನು ಒಳಗೆ ಬರಲೇ ಇಲ್ಲ, ಕೊನೆಯ ಪ್ರಾರ್ಥನೆಯನ್ನು ಅವರೇ ಮಾಡಿ ಮುಗಿಸಿದರಂತೆ.

"ಇಷ್ಟು ವರ್ಷ ಈ ಕಥಿ ಹೇಳೇನಿ. ದೊಡ್ಡ ಮಗನ ಸಲುವಾಗಿ ಮಂದಿ ಅತ್ತಿದ್ದು ನಿನ್ನೆನ ನೋಡಿದ್ದು," ಎಂದವರೇ, ಬಸ್ಸಿನ ಸದ್ದಿನಲ್ಲಿ ಮೆಲ್ಲಗೆ ಗುನುಗಿದರು.

ಹೊಲದ ಮಣ್ಣು ಕಾಲಿಗಂಟಿ ಹೊರಗೆ ನಿಂತೆನಪ್ಪಾ,
ದಿನವೂ ಇದ್ದ ಮಗನ ಹೆಸರ ಕೂಗಲಿಲ್ಲವಪ್ಪಾ.

ಅದು ನನ್ನ ನುಡಿ. ನನ್ನ ಬಾಯಿಂದ ಆಚೆ ಬಾರದ ನುಡಿ.

ನನಗೆ ಭಯವಾಗಬೇಕಿತ್ತು. ಆಗಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಆದದ್ದು ಹೊಟ್ಟೆಕಿಚ್ಚು, ತಮ್ಮನ ಮೇಲೆ ಎಂದೂ ಆಗದಷ್ಟು. ನನ್ನ ಮುಖ, ನನ್ನ ಪದ, ನನ್ನ ಯೋಚನೆ, ಎಲ್ಲ ಇಟ್ಟುಕೊಂಡು ಇನ್ಯಾರೋ ಹೋಗಿ ನಿಂತಿದ್ದಾನೆ. ಅವನ ಮೊಣಕಾಲು ನಡುಗಲಿಲ್ಲ. ಮುದುಕರು ನನ್ನ ಬೆನ್ನು ಸವರುತ್ತಿದ್ದರು, ಅವನಿಗೆ ಸಲ್ಲಬೇಕಾದದ್ದನ್ನು ನನಗೆ ಕೊಡುತ್ತಿದ್ದರು. ನಾನು ಬರಲಿಲ್ಲ ಎಂದು ಹೇಳಹೋದವನು ಕಂಡಕ್ಟರನ ಕಡೆ ತಿರುಗಿ ಟಿಕೆಟ್ಟು ಕೇಳಿದೆ.

ಆಮೇಲೆ ಪತ್ತೆ ಮಾಡದೆ ಬಿಡಲಿಲ್ಲ. ನನಗೆ ನಾಚಿಕೆಯಾಗಲಿ ಎಂದು ಮುದುಕರು ಹೂಡಿದ ಆಟವಿರಬಹುದು ಎಂದು ಸಿದ್ದಾಪುರಕ್ಕೆ ಹೋದೆ. ಸುಗಂಧಾಬಾಯಿ ಬಾಗಿಲಲ್ಲೇ ಹಿಡಿದುಕೊಂಡು, ಉಣ್ಣದೆ ಹೋದದ್ದಕ್ಕೆ ಜಗಳ ತೆಗೆದರು. ನೆರೆಮನೆಯವರು ನಾನು ಅಂಗಳದಲ್ಲಿ ನಿಂತಿದ್ದ ಜಾಗ ತೋರಿಸಿದರು. ನಿದ್ದೆಯಲ್ಲಿ ನಾನೇ ನಡೆದುಹೋಗಿದ್ದೆನೋ ಎಂದು ಬರುವಾಗ ಕಾನಸೂರಿನಲ್ಲಿ ಇಳಿದು ಕೇಳಿದೆ. ಹೆಗಡೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ರೆ, ಕತ್ತಲಾಪ ಹೊತ್ತಿಗೆ ನೀವು ಇಲ್ಲೇ ಕೂತು ಅವಲಕ್ಕಿ ತಿಂತಾ ಇದ್ರಲ. ಬಾಯೇ ಬಿಡ್ಲಿಲ್ಲೆ. ಮೂಗರು ಹೇಳಿ ತಿಳ್ಕಂಡಿದ್ದೆ ನಾನು."

ಎರಡೂ ಕಡೆ ಸಾಕ್ಷಿಗಳು. ಎರಡೂ ಕಡೆಯವರಿಗೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇರಲಿಲ್ಲ.

ಕೆಲವು ವಾರಗಳ ಮೇಲೆ ಯಲ್ಲಾಪುರದ ಹತ್ತಿರ ಇಡಗುಂದಿಯಲ್ಲಿ, ಕಾಡಿನ ಕೆಲಸಕ್ಕೆ ಬಂದಿದ್ದ ನಮ್ಮವರ ಬಿಡಾರದಲ್ಲಿ ಕೀರ್ತನೆ. ಪ್ರಸನ್ನ ಗುಣವಾಗಿದ್ದರೂ ಉಪದೇಶಿಗಳು ಕರೆದದ್ದು ನನ್ನನ್ನೇ. ಬಸ್ಸಿನಲ್ಲಿ ಮತ್ತೆ ಅದೇ ಹೆದರಿಕೆ. ಪ್ರತಿ ನಿಲ್ದಾಣದಲ್ಲೂ ಇಳಿದುಬಿಡಲೇ ಎನ್ನಿಸುತ್ತಿತ್ತು. ಆದರೆ ನಾನು ಇಳಿದರೆ ಸಿದ್ದಾಪುರದಲ್ಲಿ ಹಾಡಿದವನು ಹತ್ತುತ್ತಾನೆ. ಇನ್ನೊಂದು ಸಲ ಅವನಿಗೆ ಬಿಟ್ಟುಕೊಡುವುದೇ? ಹಲ್ಲು ಕಚ್ಚಿ ಕೂತೆ. ಬಿಡಾರದಲ್ಲಿ ನಡುಗುವ ಕಾಲಿನಲ್ಲೇ ನಿಂತು, ಮೊದಲ ಪದದಲ್ಲಿ ಎರಡು ಕಡೆ ತಪ್ಪಿ, ಕಥೆಯನ್ನು ಕೊನೆಗಾಣಿಸಿದೆ. ಅಂತೂ ಹಾಡಿದ್ದೆ. ಧೈರ್ಯ ಕೊಡು ಎಂದು ವರ್ಷಗಟ್ಟಲೆ ಬೇಡಿದವನಿಗೆ ದೇವರು ಕೊಟ್ಟದ್ದು ಹೊಟ್ಟೆಕಿಚ್ಚು. ಕೆಲಸ ಅದರಿಂದಲೇ ಆಯಿತು, ದೂರುವ ಹಾಗಿಲ್ಲ.

ಆಮೇಲೆ ಈ ಮೂರು ತಾಲೂಕಿನಲ್ಲಿ ನಾನು ಕೀರ್ತನೆ ಮಾಡದ ನಮ್ಮವರ ಮನೆ ಇಲ್ಲ. ಜನ ಚೆನ್ನಾಗಿದೆ ಎನ್ನುತ್ತಾರೆ. ಸುಗಂಧಾಬಾಯಿ ಮಾತ್ರ ಪ್ರತಿ ಸಲವೂ, ಛಲೋ ಆತು ಆದರೆ ಅವತ್ತಿನ ಹಾಗೆ ಆಗಲಿಲ್ಲ ಎನ್ನುತ್ತಿದ್ದರು. ನಾನೂ ಅಂಗಳಕ್ಕೆ ಇಳಿದು ನಿಂತು ಹಾಡಿದ್ದೇನೆ. ಒಳಗೆ ಯಾರೂ ಅಷ್ಟು ಅತ್ತದ್ದಿಲ್ಲ.

ಪ್ರಸನ್ನ ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದು ಕೀರ್ತನೆ ಬಿಟ್ಟೇಬಿಟ್ಟ. ಏಕೆಂದು ನಾನು ಕೇಳಿರಲಿಲ್ಲ, ಒಳಗೊಳಗೆ ಹಾಯೆನಿಸಿತ್ತು. ಎಷ್ಟೋ ವರ್ಷದ ಮೇಲೆ ಒಂದು ಕ್ರಿಸ್ಮಸ್ಸಿಗೆ ಬಂದವನು, ಊಟವಾದ ಮೇಲೆ ನನ್ನ ಪಕ್ಕ ಕೂತು ತಾನಾಗಿಯೇ ಹೇಳಿದ. "ಅಣ್ಣಾ, ಸಿದ್ದಾಪುರದಾಗ ನೀ ಹಾಡಿದ್ದನ್ನ ಮಂದಿ ಹೇಳೂದು ಕೇಳಿ ಕೇಳಿ ನನ್ನ ಹೊಟ್ಟಿ ಉರದುಹೋತು. ಅಷ್ಟ ಛಂದ ನನ್ನ ಕೈಲೆ ಆಗೂದಿಲ್ಲ ಅಂತನ ಬಿಟ್ಟೆ."

ನನ್ನ ಮೇಲೂ ಒಬ್ಬರಿಗೆ ಹೊಟ್ಟೆಕಿಚ್ಚಾಗಲಿ ಎಂದು ಎಷ್ಟು ಆಸೆಪಟ್ಟಿದ್ದೆ. ಆದದ್ದು ನಾನು ಮಾಡದ ಕೀರ್ತನೆಗೆ. ಮೊದಲ ಸಲ ಎಲ್ಲವನ್ನೂ ಅವನಿಗೆ ಹೇಳಿದೆ, ಕಾನಸೂರಿನ ಬೆಂಚು, ಅವಲಕ್ಕಿ, ಬಸ್ಸಿನಲ್ಲಿ ಕೇಳಿದ ನನ್ನದೇ ನುಡಿ. ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ. ನನ್ನ ಕೈ ಮೇಲೆ ಕೈಯಿಟ್ಟ.

"ಹಂಗಾರ ಇನ್ನ ಮ್ಯಾಲೆ ಇಬ್ರೂ ಕೂಡಿ ಅವನ ಮ್ಯಾಲ ಹೊಟ್ಟಿಕಿಚ್ಚು ಪಡೂಣು, ಬಿಡು."

ಹಾಗೆಯೇ ಮಾಡುತ್ತಿದ್ದೇವೆ. ಬಂದವನು ಯಾರು, ನನ್ನೊಳಗಿದ್ದದ್ದು ಅವನಿಗೆ ಹೇಗೆ ಸಿಕ್ಕಿತು, ಅಂಗಳದ ಕತ್ತಲೆಯಿಂದ ಎತ್ತ ಹೋದ, ನನಗೆ ಇಂದಿಗೂ ಗೊತ್ತಿಲ್ಲ. ಅವನ ಹಾಡು ಕೇಳಿದವರು ಸಿದ್ದಾಪುರದಲ್ಲಿ ಇನ್ನೂ ಇದ್ದಾರೆ. ಕೇಳದೆ ಉಳಿದವರು ನಾವಿಬ್ಬರೇ.